ಬೂಟು ತೋರಿಸಿ ಮೊದಲು

ಬೂಟು ತೋರಿಸಿ ಮೊದಲು.
ಹೆಸರು, ದೇಶ ಎಲ್ಲ ಆಮೇಲೆ.
ಈ ಕೆಂಪನೆಯದು ನಡೆಯುವುದಿಲ್ಲ, ಅಮ್ಮಾ,
ಅಂಗಡಿಯವನು ನಿಮಗೆ ಬಣ್ಣ ಮಾರಿದ್ದಾನೆ, ಹಿಡಿತ ಮಾರಿಲ್ಲ.
ಒಳಗೆ ನನ್ನ ತಮ್ಮನ ಹಳೆಯ ಜೋಡಿಯಿದೆ, ತರುತ್ತೇನೆ.
ಬಲಗಾಲಿನದು ಸವೆದಿದೆ,
ಎಡಗಾಲಿನದು ಹೊಸದರಂತೆಯೇ ಇದೆ.
ದೊಡ್ಡದಾದರೆ ಎರಡೆರಡು ಕಾಲುಚೀಲ ಹಾಕಿ.

ನಾನು ಇಗ್ನೇಶಿಯಾ. ಇಪ್ಪತ್ತೆರಡು ವರ್ಷದಿಂದ
ಡೊಮಿನಿಕಾದ ಈ ಗುಡ್ಡಕ್ಕೆ ಜನ ಹತ್ತಿಸುತ್ತಿದ್ದೇನೆ.
ಭೂಪಟ ಮಡಿಸುವ ಗೆರೆಯಲ್ಲೇ
ಅಳಿಸಿಹೋಗುವಷ್ಟು ಸಣ್ಣ ನಾಡು.
ಸಮತಟ್ಟಾದ ಜಾಗವೆಂದರೆ ನಮ್ಮೂರ ಕ್ರಿಕೆಟ್ ಮೈದಾನ,
ಅದೂ ಕೊಂಚ ವಾಲಿದೆ.

ಹೋಗಲು ಮೂರು ತಾಸು, ಬರಲು ಮೂರು.
ಬೇರು ಹಿಡಿಯಿರಿ, ಕೊಂಬೆ ಹಿಡಿಯಬೇಡಿ.
ಕೊಂಬೆಗಳೆಲ್ಲ ಚಂಡಮಾರುತದ ಈಚೆಗೆ ಹುಟ್ಟಿದವು,
ಮಾತು ಕೊಡುತ್ತವೆ, ಉಳಿಸಿಕೊಳ್ಳುವುದಿಲ್ಲ.

ಇದು ತಿಂಡಿಹೊಳೆ. ನಿಜಕ್ಕೂ ಹೆಸರೇ ಅದು.
ಬಾಟಲಿ ತುಂಬಿಕೊಳ್ಳಿ. ಮುಂದೆಯೂ ನೀರಿದೆ,
ಕಪ್ಪು ನೀರು, ಹಾಲುಬಿಳಿ ನೀರು,
ಒಂದೂ ಗಂಟಲಿಗಲ್ಲ.

ಗಿಳಿ ತೋರಿಸು ಎನ್ನುತ್ತೀರಿ,
ಬಾವುಟದ ಮೇಲಿರುವ ಆ ನೇರಳೆ ಎದೆಯದು.
ಸುಮ್ಮನಿದ್ದರೆ ಕೂಗು ಕೇಳಿಸೀತು.
ಗಾಳಿ ಬಂದ ರಾತ್ರಿ ನಮ್ಮ ಮನೆಯ ಮೇಜಿನಡಿಯಲ್ಲಿ
ಹನ್ನೊಂದು ಜನ, ಒಂದು ಆಡು.
ಬೆಳಗಾದರೆ ಗುಡ್ಡದ ಮೈಮೇಲೆ ಒಂದೆಲೆ ಇಲ್ಲ,
ಪುಕ್ಕ ತರಿದ ಕೋಳಿಯಂತೆ ನಿಂತಿತ್ತು.
ಹಿತ್ತಿಲಿನಿಂದ ಮೊದಲ ಸಲ ಕಡಲು ಕಂಡಿತು.
ಅಳಬೇಕಾದ ಅಮ್ಮ ಬಾಗಿಲಿಗೆ ಬಂದು,
“ಅಯ್ಯೋ, ಇಷ್ಟು ಹತ್ತಿರವಿತ್ತೇ ಇದು!” ಎಂದಳು.

ಆಗಲೇ ಗಿಳಿಗಳು ಊರಿಗಿಳಿದದ್ದು.
ಸಾಲ ಕೇಳಲು ಬಂದ ನೆಂಟರಂತೆ
ಬೇಲಿಯ ಮೇಲೆ ಕೂತು, ಬಾಯಿ ಬಿಡಲಾರದೆ,
ನಮ್ಮ ಮುಖವನ್ನೇ ನೋಡಿದವು.
ಕೊಡಲು ನಮ್ಮ ಹತ್ತಿರ ಏನಿತ್ತು?

ದಾರಿ ಎಲ್ಲಿತ್ತೆಂದು ಯಾರಿಗೂ ತಿಳಿಯದು.
ನನ್ನ ತಮ್ಮ ಅಲ್ವಿನ್ ಮಚ್ಚು ಹಿಡಿದು ಹೊರಟ.
ಗುರುತಿನ ಮರಗಳು ಹೋಗಿದ್ದರೂ
ಏರು ಎಷ್ಟು, ತಿರುವು ಎಲ್ಲಿ,
ಅವನ ಮೊಣಕಾಲಿಗೆ ನೆನಪಿತ್ತು.
ಏಳು ತಿಂಗಳು ಕಡಿದ. ಈಗ ನೀವು ಏದುಸಿರು ಬಿಡುತ್ತಿರುವುದು
ಅವನ ದಾರಿಯಲ್ಲಿ.

ನಿಲ್ಲಿ. ಇನ್ನು ಮಾತಿಲ್ಲ.
ನಾನು ಕಾಲಿಟ್ಟಲ್ಲಿಯೇ ಕಾಲಿಡಿ.
ಇಲ್ಲಿ ನೆಲವೆಂದರೆ ಹಾಲಿನ ಮೇಲಿನ ಕೆನೆ.
ಅಲ್ವಿನ್ ತುಳಿದದ್ದು ಅಗೋ, ಆ ಹಳದಿ ಕಲ್ಲಿನ ಬಳಿ.
ಎಡಗಾಲು. ಕಡೆಯ ದಿನದ ಕೆಲಸ.
ನಾನು ಹಿಂದೆಯೇ ಇದ್ದೆ,
ನಗುತ್ತಾ ಏನೋ ಹೇಳುತ್ತಿದ್ದೆ.
ಏನೆಂದು ಇವತ್ತಿಗೂ ನೆನಪಾಗುವುದಿಲ್ಲ.

ಮೊಟ್ಟೆ ತಂದಿದ್ದೇನೆ. ಈ ಬುಗ್ಗೆಯಲ್ಲಿ ಆರು ನಿಮಿಷ ಸಾಕು.
ಉಪ್ಪು ಪೊಟ್ಟಣದಲ್ಲಿದೆ. ತಿನ್ನಿ,
ಗಂಧಕದ ವಾಸನೆ ಮೊಟ್ಟೆಯದೇ ಎಂದುಕೊಳ್ಳಿ.

ಬಂತು. ಇದೇ ಕುದಿಯುವ ಕೊಳ.
ಏನೂ ಕಾಣದು, ಗೊತ್ತು. ಹಡಗಿನಲ್ಲಿ ಕೊಟ್ಟ ಚಿತ್ರದಲ್ಲಿ
ನೀಲಿಯಾಗಿತ್ತು, ಅದೂ ಗೊತ್ತು.
ಕಣ್ಣಿಗೆ ಸಿಗದಿದ್ದರೆ ಕಿವಿ ಕೊಡಿ:
ಯಾರೋ ಊರಿಗೆಲ್ಲ ಅಡುಗೆಯೆಂದು
ಎಸರಿಟ್ಟು ಮರೆತು ಹೋದಂತಿದೆ, ಅಲ್ಲವೇ?
ಕೂರಿ. ಅವಳಿಗೆ ಅವಸರ ಆಗುವುದಿಲ್ಲ.
ಕೆಲವರು ನಾಲ್ಕು ಸಲ ಬಂದು...

ಅಗೋ! ನೋಡಿ, ನೋಡಿ, ಕ್ಯಾಮೆರಾ ಬಿಡಿ,
ನಡುವಿನಲ್ಲಿ ಉಕ್ಕುತ್ತಿದೆಯಲ್ಲ, ಆ ಬೂದಿಬಣ್ಣದ್ದು,

ಹೋಯಿತು.

ಕೆಳಗಿಳಿದ ಮೇಲೆ ಬಸ್ಸಿನ ಪಕ್ಕದ ಹಲಗೆ ಅಂಗಡಿಯಲ್ಲಿ
ಶುಂಠಿ ಪಾನಕ ಕುಡಿಯುತ್ತೀರಿ.
ಲೋಟ ಕೊಡುವವನು ಅಲ್ವಿನ್.
“ಮುಖ ತೋರಿಸಿದಳಾ?” ಎಂದು ಕೇಳುತ್ತಾನೆ.
ಮಂಜು ಎನ್ನಿ, ಅಷ್ಟೇ.
ಇಷ್ಟು ವರ್ಷವೂ ನಾನು ಮಂಜೆಂದೇ ಹೇಳಿದ್ದೇನೆ,
ಬಿಸಿಲು ಹೊಡೆದು ನನ್ನ ಮೂಗು ಸುಲಿದ ದಿನಗಳಲ್ಲೂ.
ಅವನು ನನ್ನ ಮೂಗನ್ನು ನೋಡುತ್ತಾನೆ,
“ಛೆ, ಪಾಪ” ಎನ್ನುತ್ತಾನೆ,
ಬೂಟು ಇಸಕೊಂಡು ನಲ್ಲಿಯ ಕೆಳಗೆ
ಕೆಸರು ತೊಳೆಯಲು ಕೂರುತ್ತಾನೆ,
ಎಡಗಾಲಿನದನ್ನು ಮೊದಲು.